ಅಂಜಿಕೆ ಬಂದಾಗ ಓಡಬೇಡಿ, ನಿಂತು ನೋಡಿ

ಯಾದಗಿರಿ: ಯಾದಗಿರಿಯಿಂದ ಸುರಪುರದ ಕಡೆಗೆ ಹೊರಟವರಿಗೆ ಶಹಾಪುರದ ಬಳಿ ಬೆಟ್ಟಗಳ ಸಾಲೊಂದು ಎದುರಾಗುತ್ತದೆ. ದೂರದಿಂದ ನೋಡಿದರೆ ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಆಕಾಶಕ್ಕೆ ಮುಖಮಾಡಿ ಮಲಗಿದ ಮನುಷ್ಯಾಕೃತಿ ಅದು. ಯಾರೂ ಕಡೆದ ಶಿಲ್ಪವಲ್ಲ. ಪ್ರಕೃತಿಯೇ ಜೋಡಿಸಿಟ್ಟ ಬಂಡೆಗಳು. ಜನ ಅದನ್ನು ‘ಬುದ್ಧ ಮಲಗಿದ ಬೆಟ್ಟ’ ಎಂದು ಕರೆಯುತ್ತಾರೆ.

ಬುದ್ಧ ಮಲಗಿದ ಭಂಗಿ ಬೌದ್ಧರಿಗೆ ಪರಿನಿರ್ವಾಣದ ಸಂಕೇತ, ಅಂದರೆ ಸಾವನ್ನು ಕಳವಳವಿಲ್ಲದೆ ಎದುರುಗೊಂಡ ಗಳಿಗೆಯ ಸಂಕೇತ. ಆದರೆ ಆ ನಿರ್ಭಯತೆ ಹುಟ್ಟಿನಿಂದ ಬಂದದ್ದಲ್ಲ. ತನಗೂ ಭಯವಾಗುತ್ತಿತ್ತೆಂದು ಬುದ್ಧನೇ ಹೇಳಿಕೊಂಡ ಪ್ರಸಂಗವೊಂದು ಪಾಲಿ ಸಾಹಿತ್ಯದಲ್ಲಿದೆ.

ಕಾಡಿನ ರಾತ್ರಿಗಳು

ಮಜ್ಝಿಮ ನಿಕಾಯದ 4ನೆಯ ಸುತ್ತದ ಹೆಸರು ‘ಭಯಭೇರವ’. ಜ್ಞಾನೋದಯಕ್ಕೆ ಮುನ್ನ ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿಯ ರಾತ್ರಿಗಳಲ್ಲಿ ತಾನು ಬೇಕೆಂದೇ ಭಯಾನಕ ವನಗಳಿಗೆ ಹೋಗಿ ತಂಗುತ್ತಿದ್ದುದನ್ನು ಬುದ್ಧ ಅಲ್ಲಿ ವಿವರಿಸುತ್ತಾನೆ. ಜಿಂಕೆ ಸುಳಿದರೂ, ನವಿಲು ಕಡ್ಡಿ ಮುರಿದರೂ, ಗಾಳಿಗೆ ತರಗೆಲೆ ಸದ್ದಾದರೂ ‘ಬಂತು ಭಯ’ ಎನಿಸುತ್ತಿತ್ತು. ಆಗ ಆತ ಕೈಗೊಂಡ ಕ್ರಮ ಬಲು ಸರಳ: ನಡೆಯುತ್ತಿದ್ದಾಗ ಭಯ ಬಂದರೆ ಅದು ಅಡಗುವವರೆಗೂ ನಡೆಯುತ್ತಲೇ ಇರುವುದು, ಕುಳಿತಿದ್ದಾಗ ಬಂದರೆ ಏಳದೆ ಕುಳಿತೇ ಇರುವುದು.

ಅದಕ್ಕೂ ಮೊದಲು ಆತ ತನ್ನೊಳಗನ್ನು ಪರೀಕ್ಷಿಸಿಕೊಳ್ಳುತ್ತಾನೆ. ದುರ್ನಡತೆ, ದುರಾಸೆ, ದ್ವೇಷ, ಚಂಚಲತೆಗಳನ್ನು ಒಡಲಲ್ಲಿಟ್ಟುಕೊಂಡು ಕಾಡಿಗೆ ಹೋದವನಿಗೆ ಅವುಗಳಿಂದಲೇ ಭಯ ಹುಟ್ಟುತ್ತದೆ ಎಂಬುದು ಆತ ಕಂಡುಕೊಂಡ ಸತ್ಯ. ಭಯದ ಬೇರು ಕಾಡಿನಲ್ಲಿಲ್ಲ, ಹೋದವನ ಮನಸ್ಸಿನಲ್ಲಿದೆ.

ಸುರಪುರದ ಅರಸ

ಶಹಾಪುರ ದಾಟಿ ಮುಂದೆ ಸಾಗಿದರೆ ಸುರಪುರ. ಇಲ್ಲಿನ ಕೊನೆಯ ಅರಸ ರಾಜಾ ವೆಂಕಟಪ್ಪ ನಾಯಕರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು. ಅವರು ಪ್ರಾಪ್ತವಯಸ್ಕರಾಗುವ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವರು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಬಾಲಕ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಟೇಲರ್ ವಾಸವಿದ್ದ ಬಂಗಲೆ ‘ಟೇಲರ್ ಮಂಜಿಲ್’ ಸುರಪುರದ ಗುಡ್ಡದ ಮೇಲೆ ಇಂದಿಗೂ ಇದೆ.

1858ರ ಫೆಬ್ರುವರಿಯಲ್ಲಿ ಅರಸ ಬ್ರಿಟಿಷರ ವಿರುದ್ಧ ಕಾದಿದರು. ಬಳಿಕ ಹೈದರಾಬಾದಿಗೆ ಹೋದ ಅವರನ್ನು ಅಲ್ಲಿ ಸೆರೆಹಿಡಿಯಲಾಯಿತು. ಸೆರೆಮನೆಯಲ್ಲಿ ಟೇಲರ್ ಅವರನ್ನು ಕಂಡರು. ಆ ಭೇಟಿಯ ವಿವರ 1877ರಲ್ಲಿ ಪ್ರಕಟವಾದ ಟೇಲರ್ ಆತ್ಮಚರಿತ್ರೆಯಲ್ಲಿದೆ.

ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಅರಸ ತಮಗೆ ಯಾವ ಅಂಜಿಕೆಯೂ ಇಲ್ಲವೆಂದು ಹೇಳಿಕೊಳ್ಳಲಿಲ್ಲ. ಕಳ್ಳನಂತೆ ನೇಣಿಗೇರುವುದು ತಮಗೆ ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಿದರೆ ಸಹಿಸುತ್ತೇನೆ ಎಂಬುದು ಅವರ ಮಾತಿನ ಸಾರ. ದಂಗೆಗೆ ಪ್ರಚೋದಿಸಿದವರ ಹೆಸರು ಹೇಳಲು ಅವರು ಒಪ್ಪಲಿಲ್ಲ. ಮರಣದಂಡನೆಯನ್ನು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಸಲಾಯಿತು. ಆದರೆ ಸೆರೆಗೆ ಕರೆದೊಯ್ಯುವ ದಾರಿಯಲ್ಲೇ, ಅದೇ 1858ರಲ್ಲಿ, ಗುಂಡೇಟಿನಿಂದ ಅವರು ಮೃತಪಟ್ಟರು.

ಇಲ್ಲಿ ಗಮನಿಸಬೇಕಾದದ್ದು ಸಾವಲ್ಲ, ಅದಕ್ಕೆ ಮುಂಚಿನ ಸ್ಪಷ್ಟತೆ. ಯಾವುದಕ್ಕೆ ಅಂಜುತ್ತೇನೆ, ಯಾವುದಕ್ಕೆ ಅಂಜುವುದಿಲ್ಲ, ಯಾವುದನ್ನು ಏನೇ ಆದರೂ ಮಾಡಲಾರೆ ಎಂಬುದನ್ನು ಆ ಯುವಕ ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಒಳಗಣ್ಣಿನ ನೋಟವೆಂದರೆ ಇದೇ.

ವಿಜ್ಞಾನ ಏನೆನ್ನುತ್ತದೆ?

ಆಧುನಿಕ ಮನೋವಿಜ್ಞಾನವೂ ಇದೇ ದಾರಿ ತೋರುತ್ತದೆ. ವೇದಿಕೆಗೆ ಅಂಜುವ ವಿದ್ಯಾರ್ಥಿ ಭಾಷಣ ತಪ್ಪಿಸಿಕೊಂಡಾಗ ತಕ್ಷಣ ನಿರಾಳವಾಗುತ್ತದೆ. ಆ ನಿರಾಳತೆಯೇ ಅಪಾಯಕಾರಿ. ‘ತಪ್ಪಿಸಿಕೊಂಡಿದ್ದರಿಂದಲೇ ಉಳಿದೆ’ ಎಂಬ ಪಾಠವನ್ನು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಇಮ್ಮಡಿಯಾಗುತ್ತದೆ. ಅಂಜಿಸುವ ಸಂಗತಿಗೆ ಹಂತಹಂತವಾಗಿ ಒಡ್ಡಿಕೊಳ್ಳುವ ಚಿಕಿತ್ಸಾಕ್ರಮವನ್ನು ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದರು. ಇಂದಿಗೂ ಆತಂಕದ ಚಿಕಿತ್ಸೆಯಲ್ಲಿ ಈ ತತ್ತ್ವಕ್ಕೆ ಪ್ರಮುಖ ಸ್ಥಾನವಿದೆ.

ಮೊದಲು ಕನ್ನಡಿಯ ಮುಂದೆ, ಆಮೇಲೆ ಇಬ್ಬರು ಗೆಳೆಯರೆದುರು, ಕೊನೆಗೆ ತರಗತಿಯಲ್ಲಿ ಮಾತನಾಡಬಹುದು. ಪ್ರತಿ ಹಂತದಲ್ಲೂ ಎದೆಬಡಿತ ಇಳಿಯುವವರೆಗೆ ಅಲ್ಲೇ ನಿಲ್ಲುವುದು ಮುಖ್ಯ. ಅಂಜಿಕೆಯ ಕಾರಣವನ್ನು ಒಂದು ಹಾಳೆಯಲ್ಲಿ ಬರೆದರೆ ಅರ್ಧ ಗೊಂದಲ ಕರಗುತ್ತದೆ.

ಆದರೆ ಎಲ್ಲ ಭಯವೂ ಒಬ್ಬರೇ ಎದುರಿಸಬೇಕಾದದ್ದಲ್ಲ. ನಿದ್ರೆ, ಊಟ, ಕೆಲಸ ಕೆಡುವಷ್ಟು ಆತಂಕವಿದ್ದರೆ, ಬದುಕೇ ಬೇಡವೆನಿಸಿದರೆ ವೈದ್ಯರನ್ನು ಕಾಣಲೇಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು. ನೆರವು ಕೇಳುವುದೂ ಅಂಜಿಕೆಯನ್ನು ಎದುರಿಸುವ ಒಂದು ಬಗೆಯೇ.