ಪೈಥಾನ್ ಲೈಬ್ರರಿಗಳ ಹೊಂದಾಣಿಕೆ: ಶಾಸನಸಂಪುಟಗಳ ಒಂದು ದೃಷ್ಟಾಂತ

ಮೇಲುಕೋಟೆಯ ಶಾಸನವೊಂದನ್ನು ಹುಡುಕುವವರು, ತಮ್ಮ ಕೈಯಲ್ಲಿರುವ ಸಂಖ್ಯೆ ಯಾವ ಮುದ್ರಣದ್ದೆಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಬಿ. ಎಲ್. ರೈಸರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 3ನೆಯ ಸಂಪುಟದಲ್ಲಿ ಆ ಊರಿನ ಶಾಸನಗಳು ಶ್ರೀರಂಗಪಟ್ಟಣ ತಾಲ್ಲೂಕಿಗೆ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯವು 1977ರಲ್ಲಿ ಹೊರತಂದ ಪರಿಷ್ಕೃತ 6ನೆಯ ಸಂಪುಟದಲ್ಲಿ ಪಾಂಡವಪುರಕ್ಕೆ. ರೈಸರ 4ನೆಯ ಸಂಪುಟದಲ್ಲಿ ಜೊತೆಗಿದ್ದ ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ಮೊದಲನೆಯದು ಪರಿಷ್ಕರಣದ 6ಕ್ಕೂ ಎರಡನೆಯದು 7ಕ್ಕೂ ಹೋದುವು. ಕಲ್ಲು ಮಾತ್ರ ಇದ್ದಲ್ಲಿಯೇ ಇದೆ. ಹಳೆಯ ಸಂಖ್ಯೆಯನ್ನು ಹಿಡಿದು ಹೊಸ ಸಂಪುಟವನ್ನು ತೆರೆದವರಿಗೆ ಶಾಸನ ಸಿಗದಿದ್ದರೆ ಒಳ್ಳೆಯದೇ. ಬೇರೊಂದು ಶಾಸನ ಸಿಕ್ಕಿದರೆ ಕಷ್ಟ.

ಇಂಥ ಶಾಸನಗಳ ಸೂಚಿಯನ್ನು ಗಣಕದಲ್ಲಿ ಸಿದ್ಧಪಡಿಸುವ ವಿದ್ಯಾರ್ಥಿಗೆ ಪೈಥಾನಿನಲ್ಲಿಯೂ ಇದೇ ತೊಡಕು ಎದುರಾಗುವುದುಂಟು. ಪಾಂಡಾಸ್ ಮೊದಲಾದ ಲೈಬ್ರರಿಗಳ ಕೆಲವು ಭಾಗಗಳು ಮೊದಲೇ ಯಂತ್ರಭಾಷೆಗೆ ಕಂಪೈಲ್ ಆಗಿ ಬರುತ್ತವೆ. ನಂಪೈ ತನ್ನ ದತ್ತಾಂಶವನ್ನು ಸ್ಮೃತಿಯಲ್ಲಿ ಯಾವ ಸ್ಥಾನದಲ್ಲಿ ಇಡುತ್ತದೆಂಬುದು ಆಗಲೇ ಅವುಗಳೊಳಗೆ ಸಂಖ್ಯಾರೂಪದಲ್ಲಿ ಅಚ್ಚಾಗಿರುತ್ತದೆ. ನಡೆಯುವ ಹೊತ್ತಿನಲ್ಲಿ ಬೇರೆ ಆವೃತ್ತಿಯ ನಂಪೈ ಇದ್ದರೆ ಆ ಸಂಖ್ಯೆಗಳು ತಪ್ಪು ಸ್ಥಾನವನ್ನು ತೋರಬಹುದು. ಆ ಸ್ಥಾನ ಪ್ರೋಗ್ರಾಮಿನ ಎಲ್ಲೆಯ ಹೊರಗಿದ್ದರೆ ಕಾರ್ಯವ್ಯವಸ್ಥೆಯು ಅದನ್ನು ಥಟ್ಟನೆ ನಿಲ್ಲಿಸುತ್ತದೆ. ಎಲ್ಲೆಯ ಒಳಗೇ ಇದ್ದರೆ ಲೆಕ್ಕವು ತಪ್ಪು ಬೆಲೆಯನ್ನು ಹಿಡಿದು ಮುಂದುವರಿಯುತ್ತದೆ.

2024ರ ಜೂನ್ 16ರಂದು ಹೊರಬಂದ ನಂಪೈ 2.0 ಇದಕ್ಕೆ ಸ್ಪಷ್ಟ ನಿದರ್ಶನ. 2006ರ 1.0ರ ತರುವಾಯ ಮೊದಲ ಅಂಕೆ ಬದಲಾದುದು ಆಗಲೇ. 1ರ ಶ್ರೇಣಿಗೆ ಕಂಪೈಲ್ ಆದ ಭಾಗಗಳು ಇದರೊಡನೆ ನಡೆಯಲಾರವು. ಪಾಂಡಾಸ್ 2.2.2ರಿಂದ ಹೊಂದಿಕೊಂಡಿತು, ಅದಕ್ಕೂ ಹಿಂದಿನವು, 96 ಬೈಟುಗಳನ್ನು ನಿರೀಕ್ಷಿಸಿದ್ದಲ್ಲಿ 88 ದೊರೆತುವೆಂಬ ದೂರಿನೊಡನೆ ನಿಂತುವು. ಈ ದೂರನ್ನು ಕಂಡು ಅನೇಕರು ಗಾಬರಿಗೊಳ್ಳುತ್ತಾರೆ. ನಾವಾದರೋ ಅದನ್ನು ಭಾಗ್ಯವೆಂದೇ ಎಣಿಸುತ್ತೇವೆ: ಅಳತೆ ಒಂದೇ ಆಗಿದ್ದು ಒಳಗಿನ ಕ್ರಮ ಮಾತ್ರ ಬದಲಾಗಿದ್ದರೆ ಈ ಪರೀಕ್ಷೆಗೆ ಅದು ಗೋಚರಿಸುತ್ತಿರಲಿಲ್ಲ.

ಪ್ರೋಗ್ರಾಮು ಬಿದ್ದೊಡನೆ ವಿದ್ಯಾರ್ಥಿಯು ತಾನು ಬರೆದ ಸಾಲುಗಳಲ್ಲಿ ತಪ್ಪನ್ನು ಹುಡುಕತೊಡಗುವುದು ಸಹಜ. ಅದಕ್ಕೆ ಮೊದಲು, ಆ ಲೈಬ್ರರಿಯನ್ನು ಕರೆಯುವ ಒಂದೇ ಸಾಲನ್ನು ಬೇರೆಯಾಗಿ ನಡೆಸಿ ನೋಡತಕ್ಕದ್ದು; ಆಗಲೂ ಬಿದ್ದರೆ ಅವನ ಸಾಲುಗಳು ನಿರ್ದೋಷಿಗಳು. ಸಂದೇಶವೇ ಇಲ್ಲದೆ ನಿಂತಲ್ಲಿ, ಪೈಥಾನಿನಲ್ಲಿಯೇ ಇರುವ ಫಾಲ್ಟ್‌ಹ್ಯಾಂಡ್ಲರನ್ನು ತೊಡಗಿಸಿದರೆ ಕೊನೆಗೆ ನಡೆದ ಸಾಲು ತಿಳಿಯುತ್ತದೆ. ಬಳಿಕ ಪ್ರತಿಯೊಂದು ಲೈಬ್ರರಿಯ ಆವೃತ್ತಿಯನ್ನೂ ಅದು ಯಾವ ಕಡತಕೋಶದಿಂದ ಬಂದಿತೆಂಬುದನ್ನೂ ನೋಡಬೇಕು. ಪಿಪ್ ಒಮ್ಮೆ, ಕೊಂಡಾ ಒಮ್ಮೆ ಎಂದು ಒಂದರ ಮೇಲೊಂದು ಸ್ಥಾಪಿಸಿದಲ್ಲಿ ಈ ಗೊಂದಲ ಹೆಚ್ಚು. ಪಿಪ್ ಚೆಕ್ ಎಂಬ ಆಜ್ಞೆಯನ್ನು ಪೂರ್ತಿಯಾಗಿ ನಂಬುವಂತಿಲ್ಲ: ಲೈಬ್ರರಿಗಳು ತಾವೇ ಘೋಷಿಸಿಕೊಂಡ ಅಗತ್ಯಗಳನ್ನು ಅದು ನೋಡುತ್ತದೆಯೇ ಹೊರತು ಯಂತ್ರಭಾಷೆಯ ಭಾಗವನ್ನಲ್ಲ.

ಕೆಟ್ಟ ಪರಿಸರದಲ್ಲಿ ಒಂದೊಂದನ್ನೇ ಬದಲಾಯಿಸುತ್ತ ಹೋಗುವುದಕ್ಕಿಂತ, ಹೊಸದೊಂದು ಪ್ರತ್ಯೇಕ ಪರಿಸರವನ್ನು ರಚಿಸಿ ಎಲ್ಲವನ್ನೂ ಒಂದೇ ಆಜ್ಞೆಯಲ್ಲಿ ಸ್ಥಾಪಿಸುವುದು ಲೇಸೆಂದು ನಮ್ಮ ಮತ. ನಂಪೈಯನ್ನು 2ಕ್ಕಿಂತ ಕೆಳಗೆ ಹಿಡಿದಿಡುವುದು ತಾತ್ಕಾಲಿಕ ಉಪಾಯ. ಹೊಸದಕ್ಕೆ ಹೊಂದುವ ಸಿದ್ಧರೂಪವಿಲ್ಲದ ಹಳೆಯ ಲೈಬ್ರರಿಯನ್ನು ಮೂಲದಿಂದ ಮತ್ತೆ ಕಂಪೈಲ್ ಮಾಡಬೇಕು. ಮೂಲವೇ ಹಳೆಯ ವಿನ್ಯಾಸವನ್ನು ನೆಚ್ಚಿದ್ದರೆ ಅದನ್ನೂ ತಿದ್ದಬೇಕಾದೀತು. ಸರಿಹೋದ ಮೇಲೆ ಪಿಪ್ ಫ್ರೀಜ್ ಕೊಡುವ ಪಟ್ಟಿಯನ್ನು ಫಲಿತಾಂಶಗಳ ಜೊತೆಗೇ ಇಡುವುದು ಉಚಿತ. ಆ ಪಟ್ಟಿಯಲ್ಲಿ ಪೈಥಾನಿನ ಆವೃತ್ತಿ ಇರುವುದಿಲ್ಲ. ಅದನ್ನು ಬೇರೆಯಾಗಿ ಬರೆದುಕೊಳ್ಳಬೇಕು.