ತಜ್ಞ ವೈದ್ಯರ ತರಬೇತಿ: ಅನುಭವವನ್ನು ಅಳೆಯುವುದು ಹೇಗೆ?

ಕಿರುತೆರೆಯ ಆರೋಗ್ಯ ಕಾರ್ಯಕ್ರಮಗಳಲ್ಲಿ ಮಾತನಾಡುವ ವೈದ್ಯರ ಹೆಸರಿನ ಕೆಳಗೆ 'ಮಕ್ಕಳ ತಜ್ಞರು', 'ಹೃದ್ರೋಗ ತಜ್ಞರು' ಎಂಬ ಸಾಲು ಮೂಡುವುದನ್ನು ನೀವು ನೋಡಿರುತ್ತೀರಿ. ಈ 'ತಜ್ಞ' ಎಂಬ ಪದ ಸುಲಭವಾಗಿ ದೊರೆಯುವುದಲ್ಲ. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಸಾಮಾನ್ಯವಾಗಿ 3 ವರ್ಷಗಳ ಎಂ.ಡಿ., ಎಂ.ಎಸ್. ಅಥವಾ ಡಿ.ಎನ್.ಬಿ. ತರಬೇತಿ ಪಡೆಯಬೇಕು. ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ತರಬೇತಿಗೆ ಸೇರುವ ಮೊದಲೇ ಆ ವಿಷಯದಲ್ಲಿ ಹಲವು ವರ್ಷ ದುಡಿದವರು ಮತ್ತೆ ಮೊದಲ ದಿನದಿಂದಲೇ ಆರಂಭಿಸಬೇಕೇ?

ಹಿಂದೆ ಕಲಿತದ್ದನ್ನು ಪರಿಶೀಲಿಸಿ ಅದಕ್ಕೆ ತಕ್ಕ ಮನ್ನಣೆ ನೀಡುವುದಕ್ಕೆ 'ಪೂರ್ವಕಲಿಕೆಯ ಮಾನ್ಯತೆ' ಎನ್ನುತ್ತಾರೆ. ಇತರ ಕಸುಬುಗಳಲ್ಲಿ ಇದು ಹೊಸತಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಶಾಲೆಯ ಹೊರಗೆ ಕೆಲಸ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಅವಕಾಶವಿತ್ತು. ವೈದ್ಯಕೀಯದಲ್ಲಿ ಮಾತ್ರ ಈ ಮಾತು ಅಷ್ಟು ಸರಳವಲ್ಲ. ಅಳತೆ ತಪ್ಪಿದರೆ ಅದರ ಫಲ ಉಣ್ಣುವವನು ರೋಗಿ.

ವರ್ಷಗಳನ್ನು ಎಣಿಸಿದರೆ ಸಾಲದೇ?

ಒಂದು ಉದಾಹರಣೆ ಊಹಿಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಎಂ.ಬಿ.ಬಿ.ಎಸ್. ವೈದ್ಯೆಯೊಬ್ಬರು 8 ವರ್ಷಗಳಿಂದ ಹೆರಿಗೆ ಮಾಡಿಸುತ್ತಿದ್ದಾರೆ. ಸಹಜ ಹೆರಿಗೆಯಲ್ಲಿ ಅವರ ಕೈ ಪಳಗಿದೆ. ರಕ್ತಸ್ರಾವವಾದಾಗ ಯಾವ ಗಳಿಗೆಯಲ್ಲಿ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಗರ್ಭಕೋಶದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯನ್ನೋ ಅಪರೂಪದ ತೊಡಕುಗಳನ್ನೋ ನೋಡುವ ಅವಕಾಶ ಅವರಿಗೆ ದೊರೆತಿರಲಾರದು. ಹೀಗಿರುವಾಗ 8 ವರ್ಷಗಳನ್ನೂ ತರಬೇತಿಯೆಂದು ಲೆಕ್ಕ ಹಿಡಿಯುವುದು ಸರಿಯಲ್ಲ. ಅವನ್ನು ಪೂರ್ತಿಯಾಗಿ ಬದಿಗೆ ಸರಿಸುವುದೂ ಸರಿಯಲ್ಲ. ಕಲಿತದ್ದು ಏನು, ಕಲಿಯಬೇಕಾದದ್ದು ಏನು ಎಂದು ಬಿಡಿಸಿ ನೋಡುವುದೇ ಸರಿಯಾದ ದಾರಿ.

ನಮ್ಮಲ್ಲಿ ಇದರ ಒಂದು ರೂಪ ಹಿಂದಿನಿಂದಲೂ ಇದೆ. ಒಂದು ವಿಷಯದಲ್ಲಿ 2 ವರ್ಷಗಳ ಸ್ನಾತಕೋತ್ತರ ಡಿಪ್ಲೊಮಾ ಮುಗಿಸಿದವರು ಅದೇ ವಿಷಯದಲ್ಲಿ ಡಿ.ಎನ್.ಬಿ.ಗೆ ಸೇರಿದರೆ ತರಬೇತಿ 3 ವರ್ಷಕ್ಕೆ ಬದಲಾಗಿ 2 ವರ್ಷ. ಇಲ್ಲಿ ಮನ್ನಣೆ ದೊರೆಯುವುದು ಪರೀಕ್ಷೆ ಬರೆದು ಪಡೆದ ಕಲಿಕೆಗೆ. ಕೇವಲ ಸೇವೆಯ ಅನುಭವದ ಮಾತು ಬೇರೆ. ದೂರದ ಮತ್ತು ದುರ್ಗಮ ಪ್ರದೇಶಗಳಲ್ಲಿ ಕೆಲಸ ಮಾಡಿದ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಅವರು ಗಳಿಸಿದ ಅಂಕಗಳ ಮೇಲೆ ವರ್ಷಕ್ಕೆ ಶೇಕಡಾ 10ರಂತೆ, ಗರಿಷ್ಠ ಶೇಕಡಾ 30ರವರೆಗೆ ಹೆಚ್ಚುವರಿ ಅಂಕ ನೀಡಲು ನಿಯಮದಲ್ಲಿ ಅವಕಾಶ ಕಲ್ಪಿಸಲಾಯಿತು. ಇದು ಸೀಟು ದೊರೆಯಲು ನೆರವಾಗುತ್ತದೆ. ಸೇರಿದ ಮೇಲೆ ತರಬೇತಿಯ ಅವಧಿ ಕಡಿಮೆಯಾಗುವುದಿಲ್ಲ. ಸೇವೆಗೆ ಬಹುಮಾನ ಕೊಡುವುದು ಒಂದು, ಅನುಭವವನ್ನು ಕಲಿಕೆಯೆಂದು ಅಳೆಯುವುದು ಇನ್ನೊಂದು ಎಂಬುದನ್ನು ಇಲ್ಲಿ ಗಮನಿಸಬೇಕು.

ಬ್ರಿಟನ್ನಿನ ಎರಡನೆಯ ದಾರಿ

ಹಾಗಾದರೆ ಅನುಭವವನ್ನೇ ಅಳೆದು ನೋಡಿದ ದೇಶವುಂಟೇ? ಬ್ರಿಟನ್ ಅಂಥದೊಂದು ದೇಶ. ಅಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಮುಂದಿನ ದಶಕಗಳಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾಗಳ ವೈದ್ಯರು ಬಹು ಸಂಖ್ಯೆಯಲ್ಲಿ ಆ ಸೇವೆಗೆ ಸೇರಿದರು. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿದವರೂ ಇವರಲ್ಲಿದ್ದರು. ಇವರಲ್ಲಿ ಅನೇಕರಿಗೆ ದೊರೆತದ್ದು ವೃದ್ಧರ ಚಿಕಿತ್ಸೆ, ಮನೋರೋಗ ಚಿಕಿತ್ಸೆಯಂಥ, ಸ್ಥಳೀಯರು ಅಷ್ಟಾಗಿ ಬಯಸದ ವಿಭಾಗಗಳು. ವರ್ಷಗಟ್ಟಲೆ ತಜ್ಞರ ಕೆಲಸವನ್ನೇ ಮಾಡಿದರೂ 'ಕನ್ಸಲ್ಟೆಂಟ್' ಎಂಬ ಹಿರಿಯ ಹುದ್ದೆ ಹಲವರ ಕೈಗೆ ಎಟುಕಲಿಲ್ಲ.

1997ರಿಂದ ಅಲ್ಲಿ ಕಾಯಂ ಕನ್ಸಲ್ಟೆಂಟ್ ಆಗಬೇಕಾದರೆ ತಜ್ಞರ ನೋಂದಣಿ ಪಟ್ಟಿಯಲ್ಲಿ ಹೆಸರಿರುವುದು ಕಡ್ಡಾಯವಾಯಿತು. ಈ ಪಟ್ಟಿಗೆ ಹೆದ್ದಾರಿಯೆಂದರೆ ಮಾನ್ಯತೆ ಪಡೆದ ತರಬೇತಿ. ಅದನ್ನು ಪಡೆಯದವರಿಗಾಗಿ 2005ರಲ್ಲಿ ಇನ್ನೊಂದು ದಾರಿಯನ್ನು ವ್ಯವಸ್ಥೆಗೊಳಿಸಲಾಯಿತು. ಬೇರೆ ದೇಶದಲ್ಲಿ ಕಲಿತದ್ದು, ತರಬೇತಿಯಲ್ಲದ ಹುದ್ದೆಯಲ್ಲಿ ದುಡಿದದ್ದು ಎಲ್ಲವನ್ನೂ ಒಟ್ಟುಗೂಡಿಸಿ, ಅದು ಬ್ರಿಟನ್ನಿನ ತರಬೇತಿಗೆ ಸಮಾನವೆಂದು ಅರ್ಜಿದಾರರು ತೋರಿಸಬೇಕಿತ್ತು. ಆಯಾ ವಿಷಯದ ರಾಯಲ್ ಕಾಲೇಜಿನ ತಜ್ಞರು ದಾಖಲೆಗಳನ್ನು ಪರಿಶೀಲಿಸುತ್ತಾರೆ. ಅಂತಿಮ ತೀರ್ಮಾನ, 2010ರಿಂದ, ಜನರಲ್ ಮೆಡಿಕಲ್ ಕೌನ್ಸಿಲಿನದು.

'ಸಮಾನ' ಎಂಬ ಪದವೇ ಇಲ್ಲಿ ತೊಡಕಾಯಿತು. ತರಬೇತಿಯ ಪಠ್ಯಕ್ರಮದ ಪ್ರತಿಯೊಂದು ಭಾಗಕ್ಕೂ ಪುರಾವೆ ಬೇಕಾಗುತ್ತಿತ್ತು. 15 ವರ್ಷಗಳಿಂದ ಹೃದಯ ಶಸ್ತ್ರಚಿಕಿತ್ಸೆಗೆ ಮಾತ್ರ ಅರಿವಳಿಕೆ ನೀಡುತ್ತ ಬಂದವರು, ಎಂದೋ ಕಲಿತ ಮಕ್ಕಳ ಅರಿವಳಿಕೆ, ಹೆರಿಗೆಯ ಅರಿವಳಿಕೆಗಳ ದಾಖಲೆಗಳನ್ನು ಹುಡುಕಬೇಕಾಗುತ್ತಿತ್ತು. 2023ರ ನವೆಂಬರ್ 30ರಿಂದ ಈ ಒರೆಗಲ್ಲು ಬದಲಾಗಿದೆ. ತರಬೇತಿಗೆ ಸಮಾನವೇ ಎಂದು ಕೇಳುವ ಬದಲು, ಅಲ್ಲಿ ತಜ್ಞರಾಗಿ ಕೆಲಸ ಮಾಡಲು ಬೇಕಾದ ಜ್ಞಾನ, ಕೌಶಲ, ಅನುಭವ ಇವರಲ್ಲಿ ಇವೆಯೇ ಎಂದು ಕೇಳಲಾಗುತ್ತದೆ. ನಡೆದ ದಾರಿಗಿಂತ ತಲುಪಿದ ಮಟ್ಟ ಮುಖ್ಯವೆಂಬುದು ಇದರ ತಿರುಳು.

ಪುರಾವೆಯೆಂದರೆ ಏನು?

'ನನಗೆ ಇಷ್ಟು ವರ್ಷಗಳ ಅನುಭವವಿದೆ' ಎಂಬ ಹೇಳಿಕೆ ಪುರಾವೆಯಾಗುವುದಿಲ್ಲ. ಮಾಡಿದ ಶಸ್ತ್ರಚಿಕಿತ್ಸೆಗಳ ದಿನಾಂಕಸಹಿತ ಲಾಗ್‌ಬುಕ್, ಕೆಲಸವನ್ನು ಕಣ್ಣಾರೆ ಕಂಡ ಹಿರಿಯರ ಲಿಖಿತ ಅಭಿಪ್ರಾಯ, ಸಹೋದ್ಯೋಗಿಗಳ ಹಾಗೂ ರೋಗಿಗಳ ಅನಿಸಿಕೆ, ತಮ್ಮ ಚಿಕಿತ್ಸೆಯ ಫಲಿತಾಂಶಗಳನ್ನು ತಾವೇ ಪರಿಶೀಲಿಸಿದ ವರದಿ ಇವೆಲ್ಲ ಬೇಕು. ರೋಗಿಗಳ ಹೆಸರನ್ನು ಅಳಿಸಿರಬೇಕು. ಹಳೆಯ ದಾಖಲೆಗಿಂತ ಇತ್ತೀಚಿನದಕ್ಕೆ ತೂಕ ಹೆಚ್ಚು. ಬಳಸದ ಕೌಶಲ ಮಾಸಿಹೋಗುತ್ತದಷ್ಟೆ. ಹೀಗೆ ಒಂದೊಂದು ಅರ್ಜಿಯೂ ನೂರಾರು ಪುಟಗಳಷ್ಟಾಗುತ್ತದೆ.

ಅನ್ಯಾಯ ನುಸುಳುವುದು ಇಲ್ಲಿಯೇ. ತರಬೇತಿಯಲ್ಲಿರುವವರಿಗೆ ಮಾರ್ಗದರ್ಶಕರಿರುತ್ತಾರೆ, ಅವರ ಕಲಿಕೆಯನ್ನು ಆಗಾಗ್ಗೆ ದಾಖಲಿಸುವ ಏರ್ಪಾಡಿರುತ್ತದೆ. ಹೊರಗಿನವರು ರಾತ್ರಿ ಪಾಳಿ ಮುಗಿಸಿ ಬಂದು ತಾವೇ ಕಾಗದ ಜೋಡಿಸಿಕೊಳ್ಳಬೇಕು. ಹಿಂದೆ ದುಡಿದ ಆಸ್ಪತ್ರೆ ಮುಚ್ಚಿದ್ದರೆ, ಕಲಿಸಿದ ಹಿರಿಯರು ತೀರಿಕೊಂಡಿದ್ದರೆ, ಕೈಯಲ್ಲಿರುವ ವಿದ್ಯೆಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಹಾಗೆಂದು ಸಾಕ್ಷಿಯಿಲ್ಲದೆ ಒಪ್ಪುವಂತೆಯೂ ಇಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನಿಗೆ ವೈದ್ಯರು ಯಾವ ದಾರಿಯಿಂದ ಬಂದರೆಂಬುದು ಮುಖ್ಯವಲ್ಲ. ಎರಡು ದಾರಿಯಿಂದ ಬಂದವರೂ ಒಂದೇ ಮಟ್ಟದವರೆಂಬ ಭರವಸೆ ಮುಖ್ಯ.

ಆದುದರಿಂದ ಪೂರ್ವಕಲಿಕೆಯ ಮಾನ್ಯತೆಯೆಂದರೆ ರಿಯಾಯಿತಿಯಲ್ಲ. ಮಟ್ಟವನ್ನು ಇಳಿಸದೆ, ಕಲಿತದ್ದನ್ನೇ ಮತ್ತೆ ಕಲಿಸುವ ಕಾಲಹರಣವನ್ನು ತಪ್ಪಿಸುವ ಕ್ರಮವದು. ತಜ್ಞರ ಕೊರತೆಯಿರುವ ಕಡೆ ಹೀಗೆ ಉಳಿದ ಒಂದೊಂದು ವರ್ಷವೂ ರೋಗಿಗಳ ಪಾಲಿಗೆ ಲಾಭ. ಆದರೆ ಅದು ನ್ಯಾಯವಾಗಿ ನಡೆಯಬೇಕಾದರೆ, ದಾಖಲೆ ಇಡುವ ಹೊಣೆಯಲ್ಲಿ ಆಸ್ಪತ್ರೆಗಳೂ ಪಾಲುಗೊಳ್ಳಬೇಕು. ನಿಮ್ಮಲ್ಲಿ ವೈದ್ಯರಾಗಬಯಸುವವರು ಇದನ್ನು ಈಗಲೇ ತಿಳಿದಿರುವುದು ಒಳ್ಳೆಯದು: ಕಲಿತ ದಿನವೇ ಅದನ್ನು ಬರೆದಿಟ್ಟು, ಕಲಿಸಿದವರ ಸಹಿ ಪಡೆದಿಡುವುದು ಕೂಡ ವೈದ್ಯವೃತ್ತಿಯ ಶಿಸ್ತು.