ಕೆಮ್ಮಣ್ಣುಗುಂಡಿಯ ಗಣಿ ಮತ್ತು ಸ್ಥಳೀಯ ಚರಿತ್ರೆಯ ಹೊಣೆ

ಕೆಮ್ಮಣ್ಣುಗುಂಡಿ ಎಂಬ ಹೆಸರೇ ಆ ಸ್ಥಳದ ಮೊದಲ ದಾಖಲೆ. ಕೆಂದಾವರೆ, ಕೆನ್ನೀರು ಮೊದಲಾದ ಪದಗಳಲ್ಲಿರುವಂತೆ ಕೆಂಪನ್ನು ಸೂಚಿಸುವ ಪೂರ್ವಪದವು ಮಣ್ಣಿನೊಡನೆ ಸೇರಿ ಕೆಮ್ಮಣ್ಣಾಗಿದೆ. ಆ ಮಣ್ಣಿನ ಗುಂಡಿ ಕೆಮ್ಮಣ್ಣುಗುಂಡಿ. ಆಂಗ್ಲ ಫಲಕಗಳನ್ನು ಓದಿ ‘ಕೆಮ್ಮಂಗುಂಡಿ’ ಎನ್ನುವವರ ಬಾಯಲ್ಲಿ ಮಣ್ಣು ಅರ್ಧ ಉದುರಿಹೋಗಿರುತ್ತದೆ. ಇಂದಿನ ಪ್ರವಾಸಿಗೆ ಇದು ತರೀಕೆರೆ ತಾಲ್ಲೂಕಿನ ಒಂದು ಗಿರಿಧಾಮ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಸಮುದ್ರಮಟ್ಟದಿಂದ ಸುಮಾರು ೧,೪೩೪ ಮೀಟರ್ ಎತ್ತರದಲ್ಲಿರುವ ಈ ಸ್ಥಳವು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ವಿಶ್ರಾಂತಿಧಾಮವಾಗಿದ್ದು, ೧೯೪೨ರಲ್ಲಿ ತೋಟಗಾರಿಕೆ ಇಲಾಖೆಯ ವಶಕ್ಕೆ ಬಂದಿತು. ಶ್ರೀ ಕೃಷ್ಣರಾಜೇಂದ್ರ ಗಿರಿಧಾಮವೆಂಬುದು ಅದರ ಅಧಿಕೃತ ನಾಮ. ರಾಜಭವನ, ಗುಲಾಬಿ ತೋಟ, ಹೆಬ್ಬೆ ಜಲಪಾತದ ದಾರಿ, ಇವೆಲ್ಲವನ್ನೂ ಮಾರ್ಗದರ್ಶಿ ಪುಸ್ತಕಗಳು ವರ್ಣಿಸುತ್ತವೆ. ಆದರೆ ಆ ವರ್ಣನೆಯಲ್ಲಿ ಗುಂಡಿಯೇ ಕಾಣುವುದಿಲ್ಲ.

ಗುಂಡಿಯ ಕಥೆ ಭದ್ರಾವತಿಯ ಕಥೆಯೊಡನೆ ಹೆಣೆದುಕೊಂಡಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದ ಕೊನೆಯ ವರ್ಷವಾದ ೧೯೧೮ರಲ್ಲಿ ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಯೋಜನೆ ಕಾರ್ಯರೂಪಕ್ಕೆ ಬಂದಿತು. ೧೯೨೩ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದಿತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲದ ಕಾರಣ ಮಲೆನಾಡಿನ ಕಾಡಿನ ಮರವನ್ನು ಸುಟ್ಟು ಮಾಡಿದ ಇದ್ದಲೇ ಕುಲುಮೆಯ ಇಂಧನವಾಯಿತು. ಸುಣ್ಣಕಲ್ಲು ಭಂಡಿಗುಡ್ಡದಿಂದ ಬಂದಿತು, ಅದುರು ಕೆಮ್ಮಣ್ಣುಗುಂಡಿಯಿಂದ. ಮೊದಲನೆಯ ಮಹಾಯುದ್ಧವು ಮುಗಿದು ಬೀಡುಕಬ್ಬಿಣದ ಬೆಲೆ ಕುಸಿದ ಆ ದಿನಗಳಲ್ಲಿ ಕಾರ್ಖಾನೆಯು ನಷ್ಟಕ್ಕೆ ಸಿಲುಕಲು, ವಿಶ್ವೇಶ್ವರಯ್ಯನವರೇ ೧೯೨೩ರಿಂದ ೧೯೨೯ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ನಿಂತು ಅದನ್ನು ಉಳಿಸಿದರು. ಈ ಪ್ರಸಂಗವನ್ನು ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದಿಯೇ ಇರುತ್ತಾರೆ.

ಓದದಿರುವುದು ಅದುರಿನ ಪ್ರಯಾಣವನ್ನು. ಗಿರಿಯ ನೆತ್ತಿಯಲ್ಲಿ ಅಗೆದ ಭಾರವಾದ ಅದುರನ್ನು ಕಡಿದಾದ ಕಾಡಿನ ಇಳಿಜಾರಿನಲ್ಲಿ ಗಾಡಿಗಳ ಮೂಲಕ ಇಳಿಸುವುದು ಸುಲಭಸಾಧ್ಯವಾಗಿರಲಿಲ್ಲ. ಆದ್ದರಿಂದ ಅಲ್ಲಿಂದ ಕೆಳಗಿನ ತಣಿಗೆಬೈಲಿನವರೆಗೆ ಗೋಪುರಗಳ ಮೇಲೆ ಉಕ್ಕಿನ ಹಗ್ಗವನ್ನು ಹಾಯಿಸಿ ರೋಪ್‌ವೇ ನಿರ್ಮಿಸಲಾಯಿತು. ತೊಟ್ಟಿಗಳು ಗಾಳಿಯಲ್ಲಿ ತೂಗುತ್ತ ಅದುರನ್ನು ತಣಿಗೆಬೈಲಿಗೆ ತರುತ್ತಿದ್ದವು. ಅಲ್ಲಿಂದ ಮುಂದೆ ಎರಡಡಿ ಅಗಲದ ಕಿರುಹಳಿಯ ಟ್ರಾಮು ಭದ್ರಾವತಿಗೆ ಒಯ್ಯುತ್ತಿದ್ದಿತು. ತರೀಕೆರೆಯ ಜನಕ್ಕೆ ಹಳಿ ಹೊಸದಾಗಿರಲಿಲ್ಲ. ಬೀರೂರು–ಶಿವಮೊಗ್ಗ ರೈಲುಮಾರ್ಗವು ೧೮೯೯ರಲ್ಲಿಯೇ ಆರಂಭವಾಗಿದ್ದಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುವ ಟ್ರಾಮ್ ಮಾರ್ಗವೂ ೧೯೧೦ರ ದಶಕದ್ದು. ಹೊಸದಾದದ್ದು ಆಕಾಶಮಾರ್ಗ. ಇಂದು ಆ ಗಣಿಯಲ್ಲಿ ಕೆಲಸವಿಲ್ಲ. ಕುಲುಮೆಯ ಊರಾದ ಭದ್ರಾವತಿಯಲ್ಲಿ ಕಾರ್ಖಾನೆಯು ನೂರು ವರ್ಷ ತುಂಬಿದ ೨೦೨೩ರಲ್ಲಿಯೇ ಅದನ್ನು ಮುಚ್ಚುವ ನಿರ್ಧಾರವು ಪ್ರಕಟವಾಗಿ, ಕಾರ್ಮಿಕರು ಅದರ ವಿರುದ್ಧ ಬೀದಿಗಿಳಿಯಬೇಕಾಯಿತು.

ಈ ಗಣಿಗೆ ಏಕೆ ಚರಿತ್ರಕಾರರು ದೊರೆಯಲಿಲ್ಲ? ಒಂದು ಕಾರಣ ಸೀಮೆಯ ಗೆರೆ. ಗಣಿ ಹಿಂದಿನ ಕಡೂರು, ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಕುಲುಮೆಯು ಶಿವಮೊಗ್ಗ ಜಿಲ್ಲೆಯಲ್ಲಿದೆ. ಕಾರ್ಖಾನೆಯ ಚರಿತ್ರೆಯನ್ನು ಬರೆದವರು ಅದುರನ್ನು ಒಂದು ವಾಕ್ಯದಲ್ಲಿ ಮುಗಿಸಿದರು. ಕಡೂರು ಸೀಮೆಯ ಚರಿತ್ರೆಯನ್ನು ಬರೆದವರಿಗೆ ಕಬ್ಬಿಣವು ನೆರೆಯೂರಿನ ವಿಷಯವಾಗಿ ತೋರಿತು. ಇದಕ್ಕಿಂತ ಬಲವಾದ ಕಾರಣ ನಮ್ಮ ಅಭ್ಯಾಸದಲ್ಲಿದೆ ಎಂದು ನನ್ನ ಅಭಿಪ್ರಾಯ. ಇದೇ ತಾಲ್ಲೂಕಿನ ಅಮೃತಾಪುರವನ್ನು ನೋಡಿರಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವು ಅಲ್ಲಿದೆ. ಅದರ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ ಕವಿ. ರೂವಾರಿ ಮಲ್ಲಿತಮ್ಮನ ಕೈವಾಡವೂ ಅಲ್ಲಿ ಕಂಡುಬರುತ್ತದೆ. ಕಟ್ಟಿಸಿದವನು, ಹಾಡಿದವನು, ಕಡೆದವನು ಮೂವರೂ ಹೆಸರುಸಹಿತ ನಮಗೆ ದೊರೆತಿದ್ದಾರೆ, ಏಕೆಂದರೆ ಅವರು ಕಲ್ಲಿನ ಮೇಲೆ ಹೆಸರನ್ನು ಬಿಟ್ಟರು, ಬಿ. ಎಲ್. ರೈಸ್ ಅವರು ಕಡೂರು ಜಿಲ್ಲೆಯ ಶಾಸನಗಳನ್ನು ೧೯೦೧ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಎಂಟು ಶತಮಾನಗಳ ಹಿಂದಿನ ಶಿಲ್ಪಿಯ ಹೆಸರನ್ನು ಬಲ್ಲ ನಾವು ನಮ್ಮ ಅಜ್ಜಂದಿರ ಕಾಲದಲ್ಲಿ ರೋಪ್‌ವೇಯ ತೊಟ್ಟಿಗೆ ಅದುರನ್ನು ತುಂಬಿದವರಲ್ಲಿ ಒಬ್ಬರ ಹೆಸರನ್ನಾದರೂ ಪಾಠಪುಸ್ತಕದಲ್ಲಿ ಕಾಣೆವು. ಅವರು ಶಾಸನವನ್ನು ಹಾಕಿಸಲಿಲ್ಲ.

ಇಲ್ಲಿ ಸರಕಾರದ ಇಲಾಖೆಗಳಿಗಿಂತ ಊರಿನವರ ಸಂಘವೇ ಹೆಚ್ಚು ಸಮರ್ಥವಾದುದು. ನಮ್ಮಲ್ಲಿ ಇದಕ್ಕೆ ಪೂರ್ವನಿದರ್ಶನಗಳುಂಟು. ಬೆಂಗಳೂರಿನ ಮಿಥಿಕ್ ಸೊಸೈಟಿ ೧೯೦೯ರಲ್ಲಿಯೂ ಧಾರವಾಡದ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವು ೧೯೧೪ರಲ್ಲಿಯೂ ಹುಟ್ಟಿದವು. ಬೆಳೆಯುತ್ತಿರುವ ನಗರದಲ್ಲಿ ಇಂತಹ ಸಂಘವು ಏನನ್ನು ಮಾಡಬಲ್ಲುದೆಂಬುದನ್ನು ಬೆಂಗಳೂರು ತೋರಿಸಿದೆ. ರೈಸ್ ಅವರು ಓದಿದ್ದ ಅಲ್ಲಿನ ಕಲ್ಲುಗಳಲ್ಲಿ ಅನೇಕವು ಬಡಾವಣೆಗಳ ಅಡಿಯಲ್ಲಿ ಕಣ್ಮರೆಯಾದವು. ಸುಮಾರು ಕ್ರಿ.ಶ. ೭೫೦ರದೆಂದು ನಿರ್ಣಯಿಸಲಾದ ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲು ೨೦೧೮ರಲ್ಲಿ ದೊರೆತಾಗ ಆಸಕ್ತ ನಾಗರಿಕರೇ ಮುಂದೆ ಬಂದು ಅದನ್ನು ಕಾಪಾಡಿದರು. ಬಳಿಕ ಮಿಥಿಕ್ ಸೊಸೈಟಿಯು ಉಳಿದ ಶಾಸನಗಳನ್ನು ಹುಡುಕಿ, ಅವುಗಳ ಮೂರು ಆಯಾಮದ ಚಿತ್ರಗಳನ್ನು ಗಣಕದಲ್ಲಿ ಶೇಖರಿಸುವ ಕಾರ್ಯವನ್ನು ಕೈಗೊಂಡಿತು. ಕಲ್ಲು ನಾಳೆ ಹೋದರೂ ಅಕ್ಷರ ಉಳಿಯುವುದು.

ತರೀಕೆರೆ ಬೆಂಗಳೂರಲ್ಲ. ಆದರೆ ಅದೂ ಬೆಳೆಯುತ್ತಿದೆ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥಗಳಿಗೆ ಅಗಲಿಸುವ ಕೆಲಸವು ಈ ತಾಲ್ಲೂಕನ್ನೂ ಹಾಯ್ದಿದೆ. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರವು ತಾನೇ ತಾಲ್ಲೂಕು ಕೇಂದ್ರವಾಗಿದೆ. ಪಟ್ಟಣದಲ್ಲಿ ಚರಿತ್ರೆಯ ಮಾತು ಬಂದರೆ ಬಸವಾಪಟ್ಟಣದ ಕಡೆಯಿಂದ ಬಂದ ಪಾಳೆಯಗಾರರು, ೧೮೩೦ರ ನಗರ ದಂಗೆಯಲ್ಲಿ ಸೇರಿದ ಸರ್ಜಾ ಹನುಮಪ್ಪನಾಯಕ, ಇವರ ಪ್ರಸ್ತಾಪವೇ ಮೊದಲು ಬರುವುದು ಸಹಜ. ಅದು ಇರಲಿ. ಅದರೊಡನೆ ಒಂದು ಪರಂಪರಾ ಮಂಡಲಿಯು ಈಗಲೇ ಕೈಗೊಳ್ಳಬೇಕಾದ, ಸ್ವಲ್ಪವೂ ಮುಂದೂಡಬಾರದ ಕೆಲಸವೊಂದಿದೆ. ದೇವಾಲಯವು ಹತ್ತು ವರ್ಷ ಕಾದೀತು. ಎಂಬತ್ತೈದು ವಯಸ್ಸಿನ ಗಣಿಕೆಲಸಗಾರರು ಕಾಯಲಾರರು.

ಆ ಕೆಲಸಕ್ಕೆ ಹೆಚ್ಚು ಹಣ ಬೇಕಿಲ್ಲ. ಕೆಮ್ಮಣ್ಣುಗುಂಡಿಯಿಂದ ತಣಿಗೆಬೈಲಿನವರೆಗಿನ ರೋಪ್‌ವೇ ಹಾದಿಯನ್ನು ಅರಣ್ಯ ಇಲಾಖೆಯ ಅಪ್ಪಣೆ ಪಡೆದು ನಡೆದು ನೋಡಿ, ಗೋಪುರಗಳು ನಿಂತಿದ್ದ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಭದ್ರಾ ಅಭಯಾರಣ್ಯವು ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿದ್ದರಿಂದ ಈ ಅಪ್ಪಣೆಯು ಕೇವಲ ಉಪಚಾರವಲ್ಲ. ಲಿಂಗದಹಳ್ಳಿ, ತಣಿಗೆಬೈಲು, ಲಕ್ಕವಳ್ಳಿಗಳ ಹಳೆಯ ಮನೆಗಳಲ್ಲಿರಬಹುದಾದ ಸಂಬಳದ ಚೀಟಿ, ಭಾವಚಿತ್ರ, ಕಾಗದಪತ್ರಗಳನ್ನು ನೋಡಿ ನಕಲು ತೆಗೆದು ಮೂಲವನ್ನು ಮನೆಯವರಿಗೇ ಹಿಂದಿರುಗಿಸಬೇಕು. ೨೦೦೧–೦೨ರಲ್ಲಿ ಭದ್ರಾ ಅರಣ್ಯದೊಳಗಿನ ಹಳ್ಳಿಗಳನ್ನು ಬಿಟ್ಟು ಎಂ. ಸಿ. ಹಳ್ಳಿಗೆ ಬಂದು ನೆಲೆಸಿದವರನ್ನೂ ಮರೆಯಬಾರದು. ಕಾಡಿನ ಹಳ್ಳ, ದಿಣ್ಣೆ, ಕಾಲುದಾರಿಗಳ ಹೆಸರುಗಳನ್ನು ಅವರಷ್ಟು ಬಲ್ಲವರು ಬೇರಿಲ್ಲ.

ಕೇಳುವ ಪ್ರಶ್ನೆಗಳು ಚಿಕ್ಕವಾಗಿರಲಿ. ಯಾವ ಊರಿನಿಂದ ಬಂದಿರಿ, ಮಳೆಗಾಲದಲ್ಲಿ ಕೆಲಸ ನಡೆಯುತ್ತಿದ್ದಿತೆ, ಅಕ್ಕಿ ಎಲ್ಲಿಂದ ಬರುತ್ತಿದ್ದಿತು, ಹೆಂಗಸರಿಗೆ ಎಷ್ಟು ಕೂಲಿ, ಹಗ್ಗ ನಿಂತ ದಿನ ಏನು ಮಾಡುತ್ತಿದ್ದಿರಿ? ಉತ್ತರಗಳನ್ನು ಹೇಳಿದವರ ಮಾತಿನಲ್ಲಿಯೇ, ಗ್ರಾಂಥಿಕವಾಗಿ ತಿದ್ದದೆ, ಹೇಳಿದವರ ಊರು ಮತ್ತು ವಯಸ್ಸಿನ ಸಹಿತ ಬರೆದಿಡಬೇಕು. ತೊಟ್ಟಿಗೆ, ಹಗ್ಗಕ್ಕೆ, ಗೋಪುರಕ್ಕೆ ಕೆಲಸಗಾರರು ಇಟ್ಟುಕೊಂಡಿದ್ದ ಹೆಸರುಗಳು ಇಂಜಿನಿಯರುಗಳ ವರದಿಯಲ್ಲಿ ಸಿಕ್ಕುವುದಿಲ್ಲ; ಅವುಗಳನ್ನು ಕೇಳಿಯೇ ಬರೆದುಕೊಳ್ಳಬೇಕು.